ರಿಲೇ: ಸಣ್ಣ ಪ್ರವಾಹದ ದೊಡ್ಡ ಅಧಿಕಾರ

ಸಂಜೆಯ ಹೊತ್ತು ಮನೆಮಂದಿ ರೇಡಿಯೋದ ಮುಂದೆ ಕುಳಿತಿರುವಾಗ ಥಟ್ಟನೆ ವಿದ್ಯುತ್ತು ಹೋಗುತ್ತದೆ. ಮರುಕ್ಷಣವೇ ಮೂಲೆಯ ಇನ್ವರ್ಟರಿನೊಳಗೆ ‘ಟಕ್’ ಎಂದು ಸದ್ದಾಗಿ ದೀಪ ಮತ್ತೆ ಬೆಳಗುತ್ತದೆ. ಆ ಸದ್ದು ಮಾಡಿದ್ದು ಬೆಂಕಿಪೆಟ್ಟಿಗೆಗಿಂತಲೂ ಚಿಕ್ಕದಾದ ಒಂದು ಸಾಧನ. ಅದರ ಹೆಸರು ರಿಲೇ. ಅದನ್ನು ಕಣ್ಣಾರೆ ಕಂಡವರು ಕಡಮೆ. ಅದರ ಸೇವೆ ಪಡೆಯದ ಮನೆಯಂತೂ ಅಪರೂಪ.

ರಿಲೇಯ ರಚನೆ ಬಲು ಸರಳ. ಮೆದು ಕಬ್ಬಿಣದ ಒಂದು ತುಂಡಿನ ಸುತ್ತ ತೆಳುವಾದ ತಾಮ್ರದ ತಂತಿಯನ್ನು ಸುರುಳಿಯಾಗಿ ಸುತ್ತಿರುತ್ತಾರೆ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಕಬ್ಬಿಣವು ಅಯಸ್ಕಾಂತವಾಗುತ್ತದೆ. ಪ್ರವಾಹ ನಿಂತೊಡನೆ ಆ ಗುಣ ಹೊರಟುಹೋಗುತ್ತದೆ. ಎದುರಿಗೆ ಕೀಲಿನ ಮೇಲೆ ಆಡುವ ಒಂದು ಕಬ್ಬಿಣದ ಪಟ್ಟಿ. ಅಯಸ್ಕಾಂತ ಸೆಳೆದಾಗ ಪಟ್ಟಿ ಬಾಗಿ ಎರಡು ಲೋಹದ ತುದಿಗಳನ್ನು ಕೂಡಿಸುತ್ತದೆ. ಸೆಳೆತ ತಪ್ಪಿದಾಗ ಸ್ಪ್ರಿಂಗು ಅದನ್ನು ಹಿಂದಕ್ಕೆ ಒಯ್ಯುತ್ತದೆ. ನಾವು ಕೇಳುವ ‘ಟಕ್’ ಈ ಪಟ್ಟಿಯದೇ.

ಸುರುಳಿಯಲ್ಲಿ ಹರಿಯುವ ವಿದ್ಯುತ್ತೇ ಬೇರೆ, ತುದಿಗಳ ಮೂಲಕ ಹರಿಯುವ ವಿದ್ಯುತ್ತೇ ಬೇರೆ. ಮೊದಲನೆಯದು ಅಪ್ಪಣೆ ಕೊಡುತ್ತದೆ, ಎರಡನೆಯದು ದುಡಿಯುತ್ತದೆ. ಕಾರನ್ನು ಹೊರಡಿಸುವ ಮೋಟಾರಿಗೆ ನೂರು ಆಂಪಿಯರಿಗೂ ಮಿಕ್ಕ ಪ್ರವಾಹ ಬೇಕು. ಅಷ್ಟನ್ನೂ ಕೈಯಲ್ಲಿ ತಿರುಗಿಸುವ ಕೀಲಿಯ ಮೂಲಕ ಹಾಯಿಸಿದರೆ ಅದು ಸುಟ್ಟೇ ಹೋದೀತು. ಕೀಲಿ ಸಣ್ಣ ಪ್ರವಾಹದಿಂದ ರಿಲೇಯನ್ನು ಎಚ್ಚರಿಸುತ್ತದೆ. ಭಾರವನ್ನು ರಿಲೇ ಹೊರುತ್ತದೆ.

ಈ ಹೆಸರಿಗೂ ಅಂಚೆಗೂ ನಂಟಿದೆ. ಹಿಂದೆ ಅಂಚೆಯವನು ಚೀಲ ಹೊತ್ತು ಒಂದು ಠಾಣೆಯವರೆಗೆ ಓಡಿ, ಅಲ್ಲಿ ಕಾದಿದ್ದ ಇನ್ನೊಬ್ಬನಿಗೆ ಒಪ್ಪಿಸುತ್ತಿದ್ದ. ತಂತಿ ಉದ್ದವಾದಷ್ಟೂ ವಿದ್ಯುತ್ತು ಬಳಲುತ್ತದೆ. 1835ರ ಸುಮಾರಿನಲ್ಲಿ ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ ಅದಕ್ಕೊಂದು ಉಪಾಯ ತೋರಿಸಿದ: ಬಳಲಿದ ಪ್ರವಾಹಕ್ಕೆ ರಿಲೇಯ ಪಟ್ಟಿಯನ್ನು ಅಲುಗಿಸುವಷ್ಟು ಬಲವಿದ್ದರೆ ಸಾಕು, ಅಲ್ಲಿ ಸಿದ್ಧವಿರುವ ಹೊಸ ಬ್ಯಾಟರಿ ಮುಂದಿನ ಕೆಲಸ ನೋಡಿಕೊಳ್ಳುತ್ತದೆ. ದೂರದೂರಕ್ಕೆ ತಂತಿವಾರ್ತೆ ಹೋಗಲು ಸಾಧ್ಯವಾದುದು ಹೀಗೆ.

ಆದರೆ ರಿಲೇಯ ನಿಜವಾದ ಹಿರಿಮೆ ರೈಲು ದಾರಿಯಲ್ಲಿ ಕಾಣುತ್ತದೆ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ರೂಪಿಸಿದ ಏರ್ಪಾಡು ಇದು. ಹಳಿಗಳನ್ನು ತುಂಡುತುಂಡಾಗಿ ವಿಂಗಡಿಸಿ, ಪ್ರತಿ ತುಂಡಿನ ಒಂದು ಕೊನೆಗೆ ಬ್ಯಾಟರಿ, ಇನ್ನೊಂದು ಕೊನೆಗೆ ರಿಲೇ ಜೋಡಿಸುತ್ತಾರೆ. ದಾರಿ ಬರಿದಾಗಿದ್ದರೆ ಪ್ರವಾಹ ಒಂದು ಹಳಿಯಲ್ಲಿ ಹೋಗಿ, ರಿಲೇಯನ್ನು ಎತ್ತಿ ಹಿಡಿದು, ಇನ್ನೊಂದರಲ್ಲಿ ಮರಳುತ್ತದೆ. ಗಾಡಿ ಬಂತೆನ್ನಿ. ಅದರ ಗಾಲಿ, ಅಚ್ಚುಗಳು ಎರಡು ಹಳಿಗಳನ್ನೂ ಕೂಡಿಸಿಬಿಡುತ್ತವೆ. ಪ್ರವಾಹ ರಿಲೇಯವರೆಗೆ ಹೋಗದೆ ಹತ್ತಿರದ ದಾರಿ ಹಿಡಿಯುತ್ತದೆ. ಪಟ್ಟಿ ಬೀಳುತ್ತದೆ, ಕೆಂಪು ದೀಪ ಹೊತ್ತುತ್ತದೆ.

ಬ್ಯಾಟರಿ ಸತ್ತರೆ? ತಂತಿ ಹರಿದರೆ? ಆಗಲೂ ಪಟ್ಟಿ ಬೀಳುತ್ತದೆ, ದೀಪ ಕೆಂಪೇ ಆಗುತ್ತದೆ. ಇಂಥ ರಿಲೇಗಳಲ್ಲಿ ಪಟ್ಟಿ ತನ್ನ ತೂಕದಿಂದಲೇ ಬೀಳುವಂತೆ ಮಾಡಿರುತ್ತಾರೆ. ಸ್ಪ್ರಿಂಗು ಮುರಿಯಬಹುದು, ಭೂಮಿಯ ಸೆಳೆತ ಕೈಕೊಡುವುದಿಲ್ಲ. ಕೆಟ್ಟರೆ ಗಾಡಿ ನಿಂತೀತೇ ಹೊರತು ಇನ್ನೊಂದಕ್ಕೆ ಢಿಕ್ಕಿ ಹೊಡೆಯಬಾರದೆಂಬ ವಿವೇಕ ಇದು. ಇಂದು ಅನೇಕ ನಿಲ್ದಾಣಗಳಲ್ಲಿ ಎಲೆಕ್ಟ್ರಾನಿಕ್ ಸಾಧನಗಳು ಬಂದಿದ್ದರೂ ಈ ತತ್ತ್ವ ಬದಲಾಗಿಲ್ಲ.

ಮನೆಯಲ್ಲಿಯೂ ಇಂಥ ಕಾವಲುಗಾರನನ್ನು ಇಟ್ಟುಕೊಳ್ಳಬಹುದು. ಮೀಟರಿನ ಬಳಿ ಜೋಡಿಸುವ ಸೋರಿಕೆ ರಕ್ಷಕ ಸ್ವಿಚ್ಚು, ಮನೆಯೊಳಕ್ಕೆ ಹೋದ ಪ್ರವಾಹವನ್ನೂ ಮರಳಿದ ಪ್ರವಾಹವನ್ನೂ ಸದಾ ತೂಗಿ ನೋಡುತ್ತಿರುತ್ತದೆ. ಎರಡೂ ಸಮವಾಗಿದ್ದರೆ ಸರಿ. ಬಚ್ಚಲಿನ ಹೀಟರು ಕೆಟ್ಟು, ಮುಟ್ಟಿದವರ ಮೈಯ ಮೂಲಕ ಸ್ವಲ್ಪ ಪ್ರವಾಹ ನೆಲಕ್ಕೆ ಇಳಿಯಿತೋ, ಅಷ್ಟು ಲೆಕ್ಕ ತಪ್ಪುತ್ತದೆ. ಮನೆಗಳಲ್ಲಿ ಬಳಸುವ ಸ್ವಿಚ್ಚಿನಲ್ಲಿ ಈ ವ್ಯತ್ಯಾಸ 30 ಮಿಲಿ ಆಂಪಿಯರು ಮುಟ್ಟುವುದರೊಳಗೆ ಅಲ್ಲಿನ ಪುಟ್ಟ ರಿಲೇ ಚಿಲಕವನ್ನು ಸಡಿಲಿಸಿ, ಕ್ಷಣದ ಒಂದಂಶದಲ್ಲಿ ವಿದ್ಯುತ್ತನ್ನು ಕಡಿದುಹಾಕುತ್ತದೆ. ಫ್ಯೂಸು ಇದನ್ನು ಮಾಡಲಾರದು. ಅದು ಕರಗಲು ಹಲವು ಆಂಪಿಯರು ಬೇಕು, ಜೀವ ಹೋಗಲು ಅಷ್ಟು ಬೇಡ.

ಎರಡು ತಂತಿಗಳನ್ನೂ ಒಟ್ಟಿಗೆ ಮುಟ್ಟಿದರೆ ಮಾತ್ರ ಈ ಕಾವಲುಗಾರನಿಗೂ ತಿಳಿಯದೆ ಹೋಗಬಹುದು. ಆದ್ದರಿಂದ ಎಚ್ಚರ ನಮ್ಮದೇ. ಆ ಸ್ವಿಚ್ಚಿನ ಮೇಲೆ ಪರೀಕ್ಷೆಗೆಂದು ಒಂದು ಗುಂಡಿ ಇರುತ್ತದೆ. ಆಗಾಗ ಅದನ್ನು ಒತ್ತಿ ನೋಡಿ. ‘ಟಕ್’ ಎಂದು ಸದ್ದಾಗಿ ದೀಪ ಆರಿದರೆ ಕಾವಲುಗಾರ ಎಚ್ಚರವಾಗಿದ್ದಾನೆ. ಆರದಿದ್ದರೆ ಆ ದಿನವೇ ಬಲ್ಲವರನ್ನು ಕರೆಸಿ.