ಮರದ ನೆರಳಿನಿಂದ ನೂರನೆಯ ಗೆಲುವಿನವರೆಗೆ

ಹರಿಯಬ್ಬೆಯ ಸುತ್ತಣ ಹಳ್ಳಿಗಳಲ್ಲಿ ಎತ್ತಿನ ಗಾಡಿಯೇ ಮನೆಯ ವಾಹನವಾಗಿದ್ದ ಕಾಲವನ್ನು ಕಂಡ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಬಡಗಿಯು ಗಾಲಿಯನ್ನು ಕೂಡಿಸಿ ಕೊಟ್ಟರೆ, ಕಮ್ಮಾರನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಅದಕ್ಕೆ ತೊಡಿಸಿ, ನೀರೆರೆದು ಬಿಗಿಯುತ್ತಿದ್ದನು. ಮನೆಯ ಹುಡುಗರು ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಕಡಾಣಿ ಸರಿಯಾಗಿದೆಯೇ ಎಂದು ನೋಡುತ್ತಿದ್ದರು. ಗಾಡಿ ಓಟದಲ್ಲಿ ಗೆದ್ದ ಎತ್ತುಗಳ ಕೊರಳಿಗೆ ಹೂವಿನ ಹಾರ ಬೀಳುತ್ತಿತ್ತು. ಗಾಡಿ ಹೊಡೆದವನ ಹೆಸರು ಊರೆಲ್ಲ ಹರಿದಾಡುತ್ತಿತ್ತು. ಗಾಲಿ ಬಿಗಿದ ಕಮ್ಮಾರನ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ನಡುದಾರಿಯಲ್ಲಿ ಗಾಲಿ ಕಳಚಿದಾಗಲಷ್ಟೇ ಅವನ ನೆನಪಾಗುತ್ತಿತ್ತು.

ಹೀಗೆ ಹೆಸರಿಲ್ಲದೆ ದುಡಿಯುವ ಕೈಗಳಿಗೆ ಹೆಸರು ತಂದುಕೊಟ್ಟವರು ಹನ್ನೆರಡನೆಯ ಶತಮಾನದ ಶರಣರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಯ್ಯನವರು, ಬಿದಿರು ಕೆಲಸದ ಮೇದರ ಕೇತಯ್ಯನವರು ಅನುಭವ ಮಂಟಪದಲ್ಲಿ ಪಂಡಿತರಿಗೆ ಸರಿಸಮನಾಗಿ ಕುಳಿತರು. ಆದರೆ ಅವರ ಪರಂಪರೆಯವರೆಂದು ಹೇಳಿಕೊಳ್ಳುವ ನಮ್ಮ ಮನೆಗಳಲ್ಲಿ ಇಂದು ನಡೆಯುತ್ತಿರುವುದೇನು? ಮಗನು ಹಿರಿಯೂರಿನ ಹೆದ್ದಾರಿ ಬದಿಯ ಗ್ಯಾರೇಜಿಗೆ ಕೆಲಸ ಕಲಿಯಲು ಹೋಗುತ್ತಾನೆಂದರೆ ತಂದೆಗೆ ಸಂಕೋಚ, ಹೆಣ್ಣು ಕೇಳಲು ಹೋದಾಗ ತಾಯಿಗೆ ಮುಜುಗರ. ಕೈಗೆ ಅಂಟಿದ ಗ್ರೀಸು ಮನೆತನಕ್ಕೆ ಅಂಟಿದ ಕಳಂಕವೆಂಬಂತೆ ನಾವು ವರ್ತಿಸುತ್ತಿದ್ದೇವೆ.

ಇಂತಹ ಸಂದರ್ಭದಲ್ಲಿ, ಅಮೆರಿಕದ ಒಂದು ಪುಟ್ಟ ಊರಿನ ಅಣ್ಣತಮ್ಮಂದಿರು ಕಟ್ಟಿ ಬೆಳೆಸಿದ ಕಾರು ಪಂದ್ಯದ ತಂಡವೊಂದರ ಕಥೆಯನ್ನು ನಮ್ಮ ಓದುಗ ಬಂಧುಗಳ ಮುಂದಿಡುವುದು ಉಚಿತವೆನಿಸುತ್ತದೆ. ನೆಲ ಬೇರೆ, ಮತ ಬೇರೆ, ಆಟವಂತೂ ನಮಗೆ ಅಪರಿಚಿತ. ಆದರೂ ಅವರು ನಡೆದ ದಾರಿ ನಮಗೆ ಅಪರಿಚಿತವಲ್ಲ.

ಏನಿದು ಸ್ಟಾಕ್ ಕಾರ್ ಪಂದ್ಯ?

ಅಂಗಡಿಯಲ್ಲಿ ಜನಸಾಮಾನ್ಯರಿಗೆ ಮಾರಲು ಸಿದ್ಧವಾಗಿರುವ ದಾಸ್ತಾನಿನ ಕಾರು ಎಂಬುದೇ ‘ಸ್ಟಾಕ್ ಕಾರ್’ ಎಂಬ ಹೆಸರಿನ ಮೂಲ ಅರ್ಥ. ಪಂದ್ಯಕ್ಕೆಂದೇ ವಿಶೇಷವಾಗಿ ತಯಾರಿಸಿದ ಯಂತ್ರಗಳ ಬದಲು, ರಸ್ತೆಯ ಮೇಲೆ ಓಡುವಂತಹ ಕಾರುಗಳನ್ನೇ ಓಡಿಸುವ ಸ್ಪರ್ಧೆಯಾಗಿ ಇದು ಆರಂಭವಾಯಿತು. ಕಾಲಕ್ರಮದಲ್ಲಿ ಆ ಕಾರುಗಳೂ ಪಂದ್ಯಕ್ಕೆಂದೇ ಕಟ್ಟಿದ ಯಂತ್ರಗಳಾದವು. ಹೊರನೋಟದಲ್ಲಿ ಮಾತ್ರ ಪೇಟೆಯ ಕಾರಿನ ಹೋಲಿಕೆ ಉಳಿಯಿತು. ಅಮೆರಿಕದ ದಕ್ಷಿಣದ ರಾಜ್ಯಗಳು ಇದರ ತವರು. ಕಳ್ಳಭಟ್ಟಿ ಸಾಗಿಸುತ್ತ ಪೊಲೀಸರ ಕಣ್ಣು ತಪ್ಪಿಸಲು ವೇಗ ಕಲಿತವರೂ ಇದರ ಮೊದಲ ಚಾಲಕರಲ್ಲಿ ಇದ್ದರು. ಇಂತಹ ಅಂಕೆಯಿಲ್ಲದ ಆಟಕ್ಕೆ ನಿಯಮಗಳ ಚೌಕಟ್ಟು ಹಾಕಲು ಬಿಲ್ ಫ್ರಾನ್ಸ್ ಎಂಬವರ ಮುಂದಾಳತ್ವದಲ್ಲಿ 1948 ರಲ್ಲಿ ‘ನಾಸ್ಕಾರ್’ ಸಂಸ್ಥೆ ಸ್ಥಾಪನೆಯಾಯಿತು.

ಐವರು ಸೋದರರು

ವರ್ಜೀನಿಯ ರಾಜ್ಯದ ಗುಡ್ಡಗಾಡಿನಲ್ಲಿ ಸ್ಟುವರ್ಟ್ ಎಂಬ ಸಣ್ಣ ಊರಿದೆ. ಅಲ್ಲಿನ ವಾಲ್ಟರ್ ವುಡ್ ಎಂಬ ರೈತನಿಗೆ ಯಂತ್ರಗಳ ರಿಪೇರಿಯೂ ತಿಳಿದಿತ್ತು. ಆತನ ಮಕ್ಕಳು ಗ್ಲೆನ್, ಲಿಯೊನಾರ್ಡ್, ಡೆಲಾನೊ, ಕ್ಲೇ ಮತ್ತು ರೇ ಲೀ. 1925 ರಲ್ಲಿ ಜನಿಸಿದ ಗ್ಲೆನ್ ಮರ ಕಡಿದು ಕೊಯ್ಯುವ ಉದ್ಯೋಗದಲ್ಲಿದ್ದ. ಹಗಲು ಜೀವನೋಪಾಯದ ದುಡಿಮೆ, ಸಂಜೆಯಾದ ಮೇಲೆ ಮನೆಯ ಬಳಿಯ ಮರವೊಂದರ ಕೆಳಗೆ ಕಾರಿನ ಕೆಲಸ. ಹೀಗೆ 1950 ರಲ್ಲಿ ‘ವುಡ್ ಸೋದರರು’ ಎಂಬ ತಂಡ ಹುಟ್ಟಿತು.

ಆರಂಭವು ಶುಭಸೂಚಕವಾಗಿತ್ತೆಂದು ಹೇಳುವಂತಿಲ್ಲ. ಗೆಳೆಯನೊಬ್ಬನೊಡನೆ ಪಾಲು ಹಾಕಿ ಕೇವಲ 50 ಡಾಲರುಗಳಿಗೆ ಕೊಂಡ ಹಳೆಯ ಫೋರ್ಡ್ ಕಾರನ್ನು ಗ್ಲೆನ್ ಮೊದಲ ಪಂದ್ಯಕ್ಕೆ ಒಯ್ದ. ಅಲ್ಲಿ ಅದು ಬೇರೆ ಕಾರುಗಳ ಹೊಡೆತಕ್ಕೆ ಸಿಕ್ಕಿ ಜಖಂಗೊಂಡಿತು. ಮನೆಗೆ ಎಳೆದೊಯ್ಯುತ್ತಿದ್ದಾಗ ಹಿಂದಿನ ಅಚ್ಚು ಮುರಿದು, ಪೆಟ್ರೋಲು ಚೆಲ್ಲಿ, ಬೆಂಕಿ ಹೊತ್ತಿಕೊಂಡಿತು. ಇದ್ದೊಂದು ಕಾರು ದಾರಿಯಲ್ಲಿಯೇ ಸುಟ್ಟುಹೋಯಿತು. ಅಲ್ಲಿಗೆ ಆಸೆಯನ್ನು ಬಿಡಬಹುದಾಗಿತ್ತು. ಸೋದರರು ಬಿಡಲಿಲ್ಲ. ಹತ್ತು ವರ್ಷಗಳ ದುಡಿಮೆಯ ಫಲವಾಗಿ, 1960 ರಲ್ಲಿ ವಿನ್‌ಸ್ಟನ್-ಸೇಲಂ ನಗರದ ಬೋಮನ್ ಗ್ರೇ ಕ್ರೀಡಾಂಗಣದಲ್ಲಿ ಗ್ಲೆನ್ ತಾನೇ ಕಾರು ಓಡಿಸಿ, ನಾಸ್ಕಾರ್‌ನ ಉನ್ನತ ಶ್ರೇಣಿಯಲ್ಲಿ ಮೊದಲ ಗೆಲುವನ್ನು ಪಡೆದ.

ಕ್ಷಣವನ್ನು ಉಳಿಸಿದ ಕೈಗಳು

ಆದರೆ ಈ ಮನೆತನದ ಕೀರ್ತಿ ಬೆಳೆದದ್ದು ಚಾಲಕನ ಆಸನದಿಂದಲ್ಲ. ಕಾರು ನಿಂತಾಗ ಅದರ ಸುತ್ತ ದುಡಿಯುತ್ತಿದ್ದ ಕೈಗಳಿಂದ.

ದೀರ್ಘ ಪಂದ್ಯದಲ್ಲಿ ಟೈರುಗಳು ಸವೆಯುತ್ತವೆ, ಪೆಟ್ರೋಲು ಮುಗಿಯುತ್ತದೆ. ಆಗ ಕಾರು ಪಥದ ಪಕ್ಕದ ಅಂಕಣಕ್ಕೆ ಬಂದು ನಿಲ್ಲಬೇಕು. ಇದಕ್ಕೆ ‘ಪಿಟ್ ನಿಲುಗಡೆ’ ಎನ್ನುತ್ತಾರೆ. ಅಂದಿನ ದಿನಗಳಲ್ಲಿ ಒಂದೊಂದು ಗಾಲಿಗೂ ಐದೈದು ನಟ್ಟುಗಳು. ಜಾಕ್ ಹಾಕಿ ಕಾರನ್ನು ಎತ್ತಿ, ನಟ್ಟು ಬಿಚ್ಚಿ, ಗಾಲಿ ಬದಲಿಸಿ, ಮತ್ತೆ ಬಿಗಿದು ಇಳಿಸಬೇಕು. ಉಳಿದ ತಂಡಗಳು ಇದನ್ನು ಅನಿವಾರ್ಯವಾದ ವಿರಾಮವೆಂದು ಎಣಿಸುತ್ತಿದ್ದಾಗ, ತಮ್ಮ ಲಿಯೊನಾರ್ಡ್ ಬೇರೊಂದು ಲೆಕ್ಕ ಹಾಕಿದ. ಗಂಟೆಗೆ 288 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ 80 ಮೀಟರ್ ಕ್ರಮಿಸುತ್ತದೆ. ನಿಂತಲ್ಲಿ ಹತ್ತು ಸೆಕೆಂಡು ಉಳಿಸಿದರೆ, ಪಥದ ಮೇಲೆ 800 ಮೀಟರ್ ಮುಂದಿದ್ದಂತೆ. ಯಾವ ಚಾಲಕನಿಗೂ ಅಷ್ಟು ಅಂತರವನ್ನು ಧೈರ್ಯವೊಂದರಿಂದಲೇ ಗಳಿಸುವುದು ಕಷ್ಟ.

ಅಂದಿನಿಂದ ಸೋದರರು ಗಾಲಿ ಬದಲಿಸುವುದನ್ನು ಒಂದು ವಿದ್ಯೆಯಂತೆ ಅಭ್ಯಾಸ ಮಾಡಿದರು. ಹಲವು ಬಾರಿ ಒತ್ತಬೇಕಾಗಿದ್ದ ಜಾಕನ್ನು ಲಿಯೊನಾರ್ಡ್ ಮಾರ್ಪಡಿಸಿ, ಕೆಲವೇ ಒತ್ತುಗಳಲ್ಲಿ ಕಾರು ಮೇಲೇಳುವಂತೆ ಮಾಡಿದ. ಡೆಲಾನೊ ಅದನ್ನು ಹಿಡಿದು ಓಡುವುದರಲ್ಲಿ ನಿಪುಣನಾದ. ಯಾರು ಎಲ್ಲಿ ನಿಲ್ಲಬೇಕು, ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ, ಎಲ್ಲವೂ ನಿಶ್ಚಿತವಾಯಿತು. ಇಂದು ಜಗತ್ತಿನ ಯಾವುದೇ ಕಾರು ಪಂದ್ಯದಲ್ಲಿ ಕಾಣುವ ಚುರುಕಾದ ಪಿಟ್ ನಿಲುಗಡೆಗೆ ದಾರಿ ತೋರಿದವರು ಈ ಸೋದರರೆಂಬುದನ್ನು ಆ ಕ್ಷೇತ್ರದವರು ಒಪ್ಪುತ್ತಾರೆ.

ಅವರ ಕೀರ್ತಿ ಎಷ್ಟು ಹಬ್ಬಿತೆಂದರೆ, 1965 ರಲ್ಲಿ ಇಂಡಿಯಾನಾಪೊಲಿಸ್‌ನ 500 ಮೈಲಿಗಳ ಪಂದ್ಯಕ್ಕೆ ಬಂದ ಇಂಗ್ಲೆಂಡಿನ ಲೋಟಸ್ ತಂಡದ ಕಾರನ್ನು ನೋಡಿಕೊಳ್ಳಲು ಫೋರ್ಡ್ ಕಂಪನಿ ಇವರನ್ನೇ ಕರೆಯಿತು. ಅದು ಇವರಿಗೆ ಪರಿಚಯವೇ ಇಲ್ಲದ ಬಗೆಯ ಕಾರು. ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ ಅದರ ಚಾಲಕ. ಇಡೀ ಪಂದ್ಯದಲ್ಲಿ ಕಾರು ನಿಂತದ್ದು ಎರಡೇ ಬಾರಿ. ಎರಡೂ ನಿಲುಗಡೆಗಳನ್ನು ಕೂಡಿಸಿದರೂ ಒಂದು ನಿಮಿಷವಾಗಲಿಲ್ಲ. 200 ಸುತ್ತುಗಳಲ್ಲಿ 190 ಸುತ್ತು ಮುಂದಿದ್ದು ಕ್ಲಾರ್ಕ್ ಗೆದ್ದರು. ಹಾರ ಬಿದ್ದದ್ದು ಅವರ ಕೊರಳಿಗೆ. ಸೋದರರು ತಮ್ಮ ಉಪಕರಣಗಳನ್ನು ಕಟ್ಟಿಕೊಂಡು ಊರಿಗೆ ಮರಳಿದರು.

ಆಸನ ಬಿಟ್ಟುಕೊಟ್ಟ ಕಥೆ

ಈ ತಂಡದ ಇತಿಹಾಸದಲ್ಲಿ ಎಲ್ಲಕ್ಕಿಂತ ಹೃದಯಸ್ಪರ್ಶಿಯಾದ ಅಧ್ಯಾಯ 1963 ರದು. ಈ ಶ್ರೇಣಿಯ ಅತ್ಯಂತ ಪ್ರತಿಷ್ಠಿತ ಪಂದ್ಯವಾದ ‘ಡೇಟೋನಾ 500’ ಕ್ಕೆ ಹತ್ತು ದಿನಗಳಿದ್ದಾಗ, ಇವರ ಚಾಲಕ ಮಾರ್ವಿನ್ ಪಾಂಚ್ ಬೇರೊಂದು ಕಾರನ್ನು ಪರೀಕ್ಷಿಸುತ್ತಿದ್ದ. ಆ ಕಾರು ಮಗುಚಿ ಬೆಂಕಿ ಹೊತ್ತಿಕೊಂಡಿತು. ಅಲ್ಲಿದ್ದ ಟೈನಿ ಲುಂಡ್ ಎಂಬ ಚಾಲಕನು ಇನ್ನು ಕೆಲವರೊಡನೆ ಉರಿಯತ್ತ ನುಗ್ಗಿ ಪಾಂಚ್‌ನನ್ನು ಹೊರಗೆಳೆದ. ‘ಟೈನಿ’ ಎಂದರೆ ಪುಟ್ಟವನು. ಆಳು ಮಾತ್ರ ಭಾರಿ ಮೈಕಟ್ಟಿನವನು. ಡೇಟೋನಾಕ್ಕೆ ಬಂದಿದ್ದರೂ ಓಡಿಸಲು ಕಾರಿಲ್ಲದೆ ಅಲೆಯುತ್ತಿದ್ದವನು.

ಆಸ್ಪತ್ರೆಯ ಹಾಸಿಗೆಯಿಂದಲೇ ಪಾಂಚ್ ವುಡ್ ಸೋದರರನ್ನು ಒಂದೇ ಮಾತು ಕೇಳಿಕೊಂಡ: ತನ್ನ ಆಸನವನ್ನು ಲುಂಡ್‌ನಿಗೆ ಕೊಡಬೇಕೆಂದು. ಸೋದರರು ಒಪ್ಪಿದರು. ಪಂದ್ಯದ ದಿನ ಅವರು ಉಳಿದವರಿಗಿಂತ ಒಂದು ನಿಲುಗಡೆ ಕಡಿಮೆ ಮಾಡಿ, ಒಂದೇ ಜೊತೆ ಟೈರುಗಳಲ್ಲಿ 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್ ಓಡಿಸಿದರು. ಲುಂಡ್ ಗೆದ್ದ. ಡೇಟೋನಾ 500 ರಲ್ಲಿ ವುಡ್ ಸೋದರರಿಗೆ ಅದೇ ಮೊದಲ ಗೆಲುವು. ಪ್ರಾಣ ಉಳಿಸಿದ ಸಾಹಸಕ್ಕಾಗಿ ಲುಂಡ್‌ನಿಗೆ ಕಾರ್ನೆಗಿ ಪದಕವೂ ದೊರೆಯಿತು.

ಹೆಚ್ಚಾದ ಅಕ್ಕಿಯನ್ನು ಮರಳಿಸಿ ಬರಲು ಪತಿ ಮಾರಯ್ಯನವರಿಗೆ ಹೇಳಿದ ಐದಕ್ಕಿ ಲಕ್ಕಮ್ಮನವರ ಕಥೆ ನಮಗೆಲ್ಲ ತಿಳಿದದ್ದೇ. ತನ್ನದಲ್ಲದ್ದನ್ನು ಇಟ್ಟುಕೊಳ್ಳದಿರುವುದು ಒಂದು ಗುಣ. ತನ್ನದಾದದ್ದನ್ನೂ ಅರ್ಹನಿಗೆ ಬಿಟ್ಟುಕೊಡುವುದು ಅದರ ಮುಂದಿನ ಮೆಟ್ಟಿಲು. ಹಾಸಿಗೆ ಹಿಡಿದಿದ್ದ ಪಾಂಚ್ ಆ ಮೆಟ್ಟಿಲನ್ನು ಏರಿದ್ದ.

ಏರಿಳಿತ

ಮುಂದೆ ಹಲವು ಖ್ಯಾತ ಚಾಲಕರು ಈ ತಂಡದ 21 ನೆಯ ಸಂಖ್ಯೆಯ ಕಾರನ್ನು ಓಡಿಸಿದರು. ಅವರಲ್ಲಿ ಡೇವಿಡ್ ಪಿಯರ್ಸನ್ ಅಗ್ರಗಣ್ಯ. 1972 ರಿಂದ 1979 ರವರೆಗೆ ಆತ ತಂಡಕ್ಕೆ 43 ಗೆಲುವುಗಳನ್ನು ತಂದ. 1973 ರಲ್ಲಿ ಓಡಿದ 18 ಪಂದ್ಯಗಳಲ್ಲಿ 11 ನ್ನು ಗೆದ್ದದ್ದು ಅಸಾಧಾರಣ ಸಾಧನೆ. ಆದರೆ 1979 ರ ಡಾರ್ಲಿಂಗ್ಟನ್ ಪಂದ್ಯದಲ್ಲಿ ತಂಡದವರ ಸೂಚನೆ ತಪ್ಪಾಗಿ ತಿಳಿದು, ಎಡಬದಿಯ ಗಾಲಿಗಳ ನಟ್ಟು ಬಿಗಿಯುವ ಮೊದಲೇ ಆತ ಕಾರನ್ನು ಹೊರಡಿಸಿದ. ಗಾಲಿಗಳು ಕಳಚಿಬಿದ್ದವು. ಅದರ ಬೆನ್ನಲ್ಲೇ ತಂಡಕ್ಕೂ ಆತನಿಗೂ ಇದ್ದ ಸಂಬಂಧ ಮುಗಿಯಿತು. ನಿಲುಗಡೆಯ ವಿದ್ಯೆಯಲ್ಲಿ ಜಗತ್ತಿಗೇ ಗುರುಗಳಾದವರಿಗೆ ಅದೇ ನಿಲುಗಡೆಯಲ್ಲಿ ಪೆಟ್ಟು ಬಿದ್ದಿತು.

ಕಾಲ ಬದಲಾಯಿತು. ಹಣದ ಹೊಳೆ ಹರಿದು, ನೂರಾರು ನೌಕರರನ್ನೂ ಹಲವು ಕಾರುಗಳನ್ನೂ ಹೊಂದಿದ ದೊಡ್ಡ ತಂಡಗಳು ತಲೆಯೆತ್ತಿದವು. ಒಂದೇ ಕಾರಿನ ಕುಟುಂಬ ತಂಡ ಹಿಂದೆ ಬಿದ್ದಿತು. 2008 ರಲ್ಲಿ ಹಲವು ಪಂದ್ಯಗಳಿಗೆ ಅರ್ಹತೆ ಪಡೆಯುವುದೇ ಸಾಧ್ಯವಾಗಲಿಲ್ಲ. ಮರುವರ್ಷದಿಂದ ವರ್ಷದ ಎಲ್ಲ ಪಂದ್ಯಗಳಲ್ಲಿ ಓಡುವುದನ್ನು ಬಿಟ್ಟು, ಶಕ್ತಿಯಿದ್ದಷ್ಟಕ್ಕೆ ಮಾತ್ರ ಓಡಿದರು. ಸಾಲ ಮಾಡಿ ಮೆರೆಯುವುದಕ್ಕಿಂತ ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಲೇಸೆಂಬ ವಿವೇಕ ಅದು.

ಆ ವಿವೇಕಕ್ಕೆ ಫಲ ದೊರೆಯಿತು. 2011 ರ ಫೆಬ್ರವರಿ 20 ರಂದು, ಇಪ್ಪತ್ತು ವರ್ಷ ತುಂಬಿ ಒಂದೇ ದಿನವಾಗಿದ್ದ ಟ್ರೆವರ್ ಬೇನ್ ಎಂಬ ಯುವಕ ಇವರ ಕಾರಿನಲ್ಲಿ ಡೇಟೋನಾ 500 ನ್ನು ಗೆದ್ದು, ಆ ಪಂದ್ಯದ ಅತಿ ಕಿರಿಯ ವಿಜೇತನೆನಿಸಿದ. ಅಂದು 85 ವರ್ಷದ ಗ್ಲೆನ್ ಅಲ್ಲಿಯೇ ಇದ್ದು ಆ ಗೆಲುವನ್ನು ಕಣ್ತುಂಬ ಕಂಡರು. 2012 ರಲ್ಲಿ ಗ್ಲೆನ್, 2013 ರಲ್ಲಿ ಲಿಯೊನಾರ್ಡ್ ನಾಸ್ಕಾರ್‌ನ ಕೀರ್ತಿಶಾಲೆಗೆ ಸೇರಿದರು. ಗ್ಲೆನ್ 2019 ರ ಜನವರಿಯಲ್ಲಿ ತಮ್ಮ 93 ನೆಯ ವಯಸ್ಸಿನಲ್ಲಿ ನಿಧನರಾದರು.

ಆ ವೇಳೆಗಾಗಲೇ ಗ್ಲೆನ್ನರ ಮಕ್ಕಳಾದ ಎಡ್ಡಿ, ಲೆನ್ ಮತ್ತು ಕಿಮ್ ತಂಡದ ಹೊಣೆ ಹೊತ್ತಿದ್ದರು. ದೊಡ್ಡ ತಂಡವಾದ ಪೆನ್ಸ್ಕೆಯವರ ತಾಂತ್ರಿಕ ಸಹಕಾರ ಪಡೆದು, ಮನೆಯ ಹೆಸರನ್ನು ಬಿಟ್ಟುಕೊಡದೆ, 2016 ರಲ್ಲಿ ಮತ್ತೆ ಪೂರ್ಣಾವಧಿ ಸ್ಪರ್ಧೆಗೆ ಇಳಿದಿದ್ದರು. 2017 ರಲ್ಲಿ 99 ನೆಯ ಗೆಲುವು ಬಂದಿತು. ನೂರನೆಯದಕ್ಕೆ ಏಳು ವರ್ಷ ಕಾಯಬೇಕಾಯಿತು. 2024 ರ ಆಗಸ್ಟ್ 24 ರಂದು ಡೇಟೋನಾದಲ್ಲಿ ಅದನ್ನು ತಂದವನು ಹ್ಯಾರಿಸನ್ ಬರ್ಟನ್. ಮುಂದಿನ ವರ್ಷ ಆ ಆಸನ ತನಗಿಲ್ಲವೆಂದು ಅವನಿಗೆ ಮೊದಲೇ ತಿಳಿದಿತ್ತು. ಆದರೂ ಕೈಯಲ್ಲಿದ್ದ ಕೆಲಸವನ್ನು ಅವನು ಕಡೆಗಣಿಸಲಿಲ್ಲ. 2025 ರ ಮಾರ್ಚಿಯಲ್ಲಿ ಅವನ ಸ್ಥಾನಕ್ಕೆ ಬಂದ ಜಾಶ್ ಬೆರಿ 101 ನೆಯ ಗೆಲುವನ್ನು ತಂದ.

ನಮಗೇನು ಪಾಠ?

ಮೋಟಾರು ಕ್ರೀಡೆ ನಮ್ಮ ನಾಡಿಗೂ ಹೊಸದಲ್ಲ. 2019 ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬೈಕ್ ಸ್ಪರ್ಧೆಯಾದ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ಪ್ರಶಸ್ತಿ ಗೆದ್ದು ಕನ್ನಡ ನಾಡಿಗೆ ಹೆಮ್ಮೆ ತಂದರು. ಆದರೆ ಈ ಲೇಖನದ ಉದ್ದೇಶ ನಮ್ಮ ಹುಡುಗರನ್ನು ವೇಗಕ್ಕೆ ಹುರಿದುಂಬಿಸುವುದಲ್ಲ. ಪಂದ್ಯದ ಪಥ ಬೇರೆ, ಬೆಂಗಳೂರು-ಪುಣೆ ಹೆದ್ದಾರಿ ಬೇರೆ. ಅಲ್ಲಿ ಪರೀಕ್ಷಿಸಿದ ಯಂತ್ರ, ರಕ್ಷಣೆಯ ಉಡುಪು, ಸಿದ್ಧವಾಗಿ ನಿಂತ ವೈದ್ಯರು ಇರುತ್ತಾರೆ. ಇಲ್ಲಿ ಎದುರಿಗೆ ಬರುವವರು ಹೊಲದಿಂದ ಮರಳುವ ತಾಯಂದಿರು, ಶಾಲೆಯಿಂದ ಬರುವ ಮಕ್ಕಳು. ರಸ್ತೆಯಲ್ಲಿ ತೋರಿಸುವ ವೇಗ ಸಾಹಸವಲ್ಲ, ಅಪರಾಧ.

ನಾವು ಕಲಿಯಬೇಕಾದುದು ಬೇರೆಯೇ ಇದೆ. ಐವರು ಅಣ್ಣತಮ್ಮಂದಿರಲ್ಲಿ ಚಾಲಕನಾಗಿ ಹೆಸರು ಮಾಡಿದವನು ಒಬ್ಬನೇ. ಉಳಿದವರು ಜಾಕ್ ಹಿಡಿದರು, ನಟ್ಟು ಬಿಗಿದರು. ಅಷ್ಟೇ ಅಲ್ಲ, ಗ್ಲೆನ್ ತಾನೇ ಆಸನದಿಂದ ಇಳಿದು ಬೇರೆಯವರನ್ನು ಕೂಡಿಸಿ, ತಮ್ಮಂದಿರ ಸಾಲಿನಲ್ಲಿ ನಿಂತ. ಎರಡೆಕರೆ ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರುವ ಈ ದಿನಗಳಲ್ಲಿ, ಮುಕ್ಕಾಲು ಶತಮಾನ ಒಂದೇ ಹೆಸರಿನಡಿ ದುಡಿದ ಮನೆತನದ ಕಥೆ ನಮ್ಮ ಮನೆಗಳಲ್ಲಿ ಚರ್ಚೆಯಾಗಬೇಕು.

ಹಾಗೆಯೇ, ಗ್ಯಾರೇಜಿನಿಂದ ಸಂಜೆ ಮನೆಗೆ ಬರುವ ಮಗನ ಕಪ್ಪಾದ ಕೈಗಳನ್ನು ಕಂಡಾಗ ತಾಯಂದಿರು ಮುಖ ಸಿಂಡರಿಸದಿರಲಿ. ಕೈಕಾಲು ತೊಳೆದು, ವಿಭೂತಿ ಧರಿಸಿ, ಅದೇ ಕೈಯಲ್ಲಿ ಅವನು ಇಷ್ಟಲಿಂಗವನ್ನು ಹಿಡಿದು ಪೂಜೆಗೆ ಕೂರುತ್ತಾನೆ. ಹಗಲು ಪ್ರಾಮಾಣಿಕವಾಗಿ ನಟ್ಟು ಬಿಗಿದ ಕೈ ಅದು. ಅದನ್ನು ನಂಬಿ ರಸ್ತೆಯಲ್ಲಿ ಎಷ್ಟೋ ಸಂಸಾರಗಳು ಸುರಕ್ಷಿತವಾಗಿ ಮನೆ ಸೇರಿರುತ್ತವೆ. ಲಿಂಗವನ್ನು ಹಿಡಿಯಲು ಅದಕ್ಕಿಂತ ಯೋಗ್ಯವಾದ ಕೈ ಯಾವುದಿದೆ?