ಅಳತೆ ಸರಿ, ಆಕಾರ ಸರಿಯೆ?

ಭದ್ರಾವತಿಗೂ ಕಬ್ಬಿಣಕ್ಕೂ ನೂರು ವರ್ಷಗಳ ನಂಟು. ಸರ್ ಎಂ. ವಿಶ್ವೇಶ್ವರಯ್ಯನವರ ಪರಿಶ್ರಮದ ಫಲವಾದ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಮೊದಲಾದುದು 1923ರಲ್ಲಿ. ಆದರೆ ಕುಲುಮೆಯಿಂದ ಹರಿದ ಲೋಹವು ಯಂತ್ರದ ಅಂಗವಾಗಬೇಕಾದರೆ ಅದನ್ನು ಕಡೆಯಬೇಕು, ಕೊರೆಯಬೇಕು, ಅಳೆಯಬೇಕು. ಭದ್ರಾವತಿಯಲ್ಲಿ ಒಬ್ಬನು ಮಾಡಿದ ಬೋಲ್ಟು ಶಿವಮೊಗ್ಗದಲ್ಲಿ ಇನ್ನೊಬ್ಬನು ಕೊರೆದ ರಂಧ್ರದಲ್ಲಿ ತಂಟೆಯಿಲ್ಲದೆ ಕೂಡಬೇಕು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಅವರ ನಡುವೆ ಇರುವುದು ನಕ್ಷೆಯೊಂದೇ. ಆ ನಕ್ಷೆಯ ಭಾಷೆಯನ್ನು ಸ್ವಪ್ರಯತ್ನದಿಂದ ಕಲಿಯುವ ಬಗೆಯನ್ನು ಇಲ್ಲಿ ವಿಚಾರಮಾಡೋಣ.

ಯಾವ ಕುಶಲಕರ್ಮಿಯೂ ಸರಿಯಾಗಿ 10 ಮಿಲಿಮೀಟರು ವ್ಯಾಸದ ದಂಡವನ್ನು ಮಾಡಲಾರನು. ಕೊಂಚ ಹೆಚ್ಚೋ ಕಡಮೆಯೋ ಆಗಿಯೇ ತೀರುವುದು. ಎಷ್ಟು ವ್ಯತ್ಯಾಸವಾದರೆ ಒಪ್ಪಬಹುದೆಂಬ ಮಿತಿಗೆ ‘ಸಹ್ಯತೆ’ ಎನ್ನೋಣ. ಕಾರ್ಖಾನೆಯಲ್ಲಿ ಅದು ‘ಟಾಲರೆನ್ಸ್’. ಗಾತ್ರಕ್ಕೆ ಮಿತಿ ಹಾಕಿದರೆ ಸಾಲದೆ? ಸಾಲದು. ಏಕೆಂಬುದನ್ನು ಓದುಗರು ಮನೆಯಲ್ಲಿಯೇ ಪರೀಕ್ಷಿಸಿ ತಿಳಿಯಬಹುದು.

ರಟ್ಟಿನ ಮೇಲೆ 60 ಮಿಲಿಮೀಟರು ಬಾಹುವಿನ ಸಮಬಾಹು ತ್ರಿಭುಜವನ್ನು ಬರೆಯಿರಿ. ಒಂದೊಂದು ಮೂಲೆಯಲ್ಲಿಯೂ ಕೈವಾರದ ಮೊನೆಯನ್ನೂರಿ, ಉಳಿದೆರಡು ಮೂಲೆಗಳನ್ನು ಕೂಡಿಸುವ ಕಂಸವನ್ನೆಳೆಯಿರಿ. ಹೊರಗೆರೆಯ ಮೇಲೆ ಕತ್ತರಿಸಿ, ಆ ತುಂಡನ್ನು ಎರಡು ಸಮಾಂತರ ಅಳತೆಪಟ್ಟಿಗಳ ನಡುವೆ ಹೊರಳಿಸಿ. ಎತ್ತ ತಿರುಗಿಸಿದರೂ ಅಗಲ 60 ಮಿಲಿಮೀಟರೇ! ವರ್ನಿಯರ್ ಕ್ಯಾಲಿಪರಿನ ಸಾಕ್ಷ್ಯವನ್ನಷ್ಟೇ ನಂಬಿದರೆ ಇದು ವೃತ್ತ. ಆದರೆ 60 ಮಿಲಿಮೀಟರು ವ್ಯಾಸದ ದುಂಡು ರಂಧ್ರದಲ್ಲಿ ಇದು ತೂರದು. ಇದು ಇಡಿಯಾಗಿ ಅಡಗಬೇಕಾದರೆ ಸುಮಾರು 69.3 ಮಿಲಿಮೀಟರಿನ ವೃತ್ತ ಬೇಕು. ಇದನ್ನೇ ‘ವಿ’ ಆಕಾರದ ತೋಡಿನಲ್ಲಿ ನಿಲ್ಲಿಸಿ ತಿರುಗಿಸಿದರೆ ನೆತ್ತಿಯು ಏರಿಳಿಯುವುದು ಕಾಣುತ್ತದೆ. ಕಾರ್ಯಾಗಾರದಲ್ಲಿ ದಂಡವನ್ನು ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನ ಮುಳ್ಳನ್ನು ನೋಡುವುದು ಈ ಬಗೆಯ ಮೋಸವನ್ನು ಹಿಡಿಯುವುದಕ್ಕೇ. ಗಾತ್ರ ಬೇರೆ, ಆಕಾರ ಬೇರೆ: ಇದು ಮೊದಲನೆಯ ಪಾಠ.

ಎರಡನೆಯ ಪಾಠ ಸ್ಥಾನದ್ದು. ತಗಡಿನ ಎರಡು ಅಂಚುಗಳಿಂದ ರಂಧ್ರದ ಕೇಂದ್ರವು ಇಂತಿಷ್ಟು ದೂರವಿರಬೇಕು, ಎರಡು ದಿಕ್ಕಿನಲ್ಲಿಯೂ 0.1 ಮಿಲಿಮೀಟರು ಆಚೀಚೆಯಾಗಬಹುದು ಎಂದು ನಕ್ಷೆ ಹೇಳುತ್ತದೆನ್ನೋಣ. ಆಗ ಕೇಂದ್ರವು ಇರಬಹುದಾದ ಜಾಗವು ಒಂದು ಚೌಕವಾಯಿತು. ಚೌಕದ ಮೂಲೆಯಲ್ಲಿ ಕುಳಿತ ಕೇಂದ್ರವು ನಿಜಸ್ಥಾನದಿಂದ 0.14 ಮಿಲಿಮೀಟರು ದೂರ ಸರಿದಿದ್ದರೂ ಸ್ವೀಕೃತ. ಅದೇ, ಒಂದೇ ದಿಕ್ಕಿನಲ್ಲಿ 0.13 ಮಿಲಿಮೀಟರು ಸರಿದ ಕೇಂದ್ರವು ತಿರಸ್ಕೃತ! ಹೆಚ್ಚು ತಪ್ಪಿದ್ದಕ್ಕೆ ಮನ್ನಣೆ, ಕಡಮೆ ತಪ್ಪಿದ್ದಕ್ಕೆ ಗುಜರಿಯ ಬುಟ್ಟಿ. ದುಂಡು ಬೋಲ್ಟಿಗೆ ದಿಕ್ಕಿನ ಗೊಡವೆಯಿಲ್ಲ. ಅದಕ್ಕೆ ಬೇಕಾದುದು ದೂರ ಮಾತ್ರ. ಈ ಅನ್ಯಾಯವನ್ನು ಎತ್ತಿ ತೋರಿಸಿದವರು ಸ್ಕಾಟ್ಲೆಂಡಿನ ಟಾರ್ಪೆಡೊ ಕಾರ್ಖಾನೆಯಲ್ಲಿದ್ದ ಸ್ಟಾನ್ಲಿ ಪಾರ್ಕರ್. 1930ರ ದಶಕದ ಕೊನೆಯ ವೇಳೆಗೆ ಅವರು ಚೌಕದ ಬದಲು ವೃತ್ತವನ್ನು ಸೂಚಿಸಿದರು. ಆ ಚೌಕದ ನಾಲ್ಕು ಮೂಲೆಗಳನ್ನೂ ಮುಟ್ಟುವ ವೃತ್ತದ ಕ್ಷೇತ್ರಫಲ ಚೌಕದ್ದಕ್ಕಿಂತ ಶೇಕಡ 57ರಷ್ಟು ಹೆಚ್ಚು. ಅಂದರೆ ಕೆಲಸದ ಗುಣ ಕೆಡದೆಯೇ ಕೆಲಸಗಾರನಿಗೆ ಅಷ್ಟು ಹೆಚ್ಚಿನ ಅವಕಾಶ ದೊರೆಯಿತು.

ಮೂರನೆಯದು ಆಧಾರ. ಎಲ್ಲಿಂದ ಅಳೆಯಬೇಕು? ಮೂರು ಕಾಲಿನ ಪೀಠವು ಒರಟು ನೆಲದ ಮೇಲೂ ಅಲುಗದು. ನಾಲ್ಕು ಕಾಲಿನದು ಅಲುಗುತ್ತದೆ. ಹಾಗೆಯೇ ವಸ್ತುವಿನ ಮೊದಲನೆಯ ಆಧಾರತಲವನ್ನು ಮೂರು ಬಿಂದುಗಳೂ ಎರಡನೆಯದನ್ನು ಎರಡು ಬಿಂದುಗಳೂ ಮೂರನೆಯದನ್ನು ಒಂದು ಬಿಂದುವೂ ನಿಲ್ಲಿಸುತ್ತವೆ. ಒಟ್ಟು ಆರು. ಘನವಸ್ತುವಿನ ಚಲನಸ್ವಾತಂತ್ರ್ಯಗಳೂ ಆರೇ ಅಲ್ಲವೆ? ಭೌತವಿಜ್ಞಾನದ ತರಗತಿಯಲ್ಲಿ ಕಲಿಸುವ ತತ್ತ್ವವೇ ಇಲ್ಲಿ ಕಾರ್ಖಾನೆಯ ಕಟ್ಟಳೆಯಾಗಿದೆ. ಆಧಾರಗಳ ಸರದಿಯನ್ನು ಬದಲಿಸಿದರೆ ಅದೇ ವಸ್ತುವಿನ ಅದೇ ರಂಧ್ರದ ಅಳತೆಯೂ ಬದಲಾಗಬಹುದು. ಆದುದರಿಂದ ನಕ್ಷೆಯ ಚೌಕಟ್ಟಿನಲ್ಲಿರುವ ಆಧಾರಾಕ್ಷರಗಳನ್ನು ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ಓದತಕ್ಕದ್ದು.

ಈ ವಿಷಯದಲ್ಲಿ 1969ರಿಂದ ಅಂತರರಾಷ್ಟ್ರೀಯ ಶಿಫಾರಸು ಉಂಟು. ಭಾರತೀಯ ಮಾನಕ ಐ.ಎಸ್. 8000 ಎಂಬುದೂ ಇದೆ. ಅಂತರರಾಷ್ಟ್ರೀಯ ಪದ್ಧತಿಯ ಹದಿನಾಲ್ಕು ಚಿಹ್ನೆಗಳನ್ನು ಕಂಡು ಕಲಿಯುವವನು ಹೆದರಬೇಕಾಗಿಲ್ಲ. ರೂಪ, ಹೊರರೇಖೆ, ದಿಶೆ, ಸ್ಥಾನ, ತಿರುಗುವಾಗಿನ ಓಲಾಟ ಎಂಬ ಐದು ಗುಂಪುಗಳಲ್ಲಿ ಅವೆಲ್ಲ ಅಡಗುತ್ತವೆ. ದಿನಕ್ಕೊಂದು ಚಿಹ್ನೆಯನ್ನು ತೆಗೆದುಕೊಳ್ಳಿ. ಅದು ಅನುಮತಿಸುವ ಜಾಗವು ಎರಡು ಗೆರೆಗಳ ನಡುವಿನದೋ, ಎರಡು ಸಮತಲಗಳ ನಡುವಿನದೋ, ವೃತ್ತವೋ, ಸಿಲಿಂಡರೋ ಎಂಬುದನ್ನು ಚಿತ್ರವಾಗಿ ಬರೆಯಿರಿ. ಅದಕ್ಕೆ ಆಧಾರ ಬೇಕೆ, ಬೇಡವೆ ಎಂದು ಕೇಳಿಕೊಳ್ಳಿ. ಅದನ್ನು ಯಾವ ಉಪಕರಣದಿಂದ ಪರೀಕ್ಷಿಸುವಿರೆಂದು ಪಕ್ಕದಲ್ಲಿ ಬರೆಯಿರಿ. ಈ ಮೂರಕ್ಕೂ ಉತ್ತರ ಬಾರದಿದ್ದರೆ ಚಿಹ್ನೆಯ ಹೆಸರು ಬಂದರೂ ವಿದ್ಯೆ ಬಂದಿಲ್ಲವೆಂದೇ ತಿಳಿಯಬೇಕು. ಕೊನೆಗೆ ಯಾವುದಾದರೂ ಹಳೆಯ ಯಂತ್ರದ ಬಿಡಿಭಾಗವನ್ನು ತಂದು, ಅದರ ಕೆಲಸವೇನೆಂದು ಯೋಚಿಸಿ, ನೀವೇ ನಕ್ಷೆ ಬರೆಯಿರಿ. ಅದನ್ನು ಗೆಳೆಯನೊಬ್ಬನಿಗೆ ಕೊಟ್ಟು ಓದಿಸಿ. ಅವನು ನಿಮ್ಮನ್ನು ಏನನ್ನೂ ಕೇಳದೆ ಅರ್ಥಮಾಡಿಕೊಂಡರೆ ನಕ್ಷೆ ಗೆದ್ದಿತು.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನ ಓದುವವನಿಗೂ ಭದ್ರಾವತಿಯಲ್ಲಿ ಲೇತಿನ ಮುಂದೆ ನಿಂತವನಿಗೂ ಈ ವಿದ್ಯೆ ಸಮನಾಗಿ ಸಲ್ಲುವುದು. ಮೊದಲನೆಯವನಿಗೆ ರೇಖಾಗಣಿತವು ಕೈಗೆ ಬರುತ್ತದೆ. ಎರಡನೆಯವನಿಗೆ, ತನ್ನ ಕೆಲಸವನ್ನು ಅನ್ಯಾಯವಾಗಿ ತಳ್ಳಿಹಾಕಿದಾಗ, ಆವೇಶದಿಂದಲ್ಲದೆ ಅಂಕಿಗಳಿಂದ ವಾದಿಸುವ ಶಕ್ತಿ ಬರುತ್ತದೆ. ಪರಿಪೂರ್ಣವಾದ ವಸ್ತುವನ್ನು ಯಾರೂ ಮಾಡಲಾರರು. ಎಷ್ಟು ಅಪೂರ್ಣತೆಯನ್ನು ಒಪ್ಪಬಹುದೆಂದು ನ್ಯಾಯವಾಗಿ, ಇನ್ನೊಬ್ಬರಿಗೆ ತಿಳಿಯುವಂತೆ ಬರೆದಿಡುವುದು ಮಾತ್ರ ಎಲ್ಲರಿಗೂ ಸಾಧ್ಯ.