ಅಜ್ಜನ ಚಿನ್ನದ ವಾಚು ತೂಕಕ್ಕೆ ಹಾಕುವ ಮುನ್ನ ಮುಚ್ಚಳ ತೆಗೆಸಿ ನೋಡಿ

ಚಿನ್ನದ ರೇಟು ಏರಿದಾಗಲೆಲ್ಲ ಬೀರುವಿನಲ್ಲಿದ್ದ ಹಳೇ ಒಡವೆಗಳು ಅಂಗಡಿಗೆ ಬರುತ್ತವೆ. ಅವುಗಳ ಜೊತೆ ಒಮ್ಮೊಮ್ಮೆ ಅಜ್ಜನ ಕಾಲದ ಸ್ವಿಸ್ ವಾಚೂ ಬರುತ್ತದೆ. ‘ಹೇಗೂ ನಡೆಯಲ್ಲ, ಕರಗಿಸಿ ದುಡ್ಡು ಕೊಡಿ’ ಅನ್ನುವವರೇ ಹೆಚ್ಚು. ಆದರೆ ಕರಗಿಸಿದ ಮೇಲೆ ಸಿಗೋದು ಲೋಹದ ಬೆಲೆ ಮಾತ್ರ. ಹಳೇ ವಾಚು ಸಂಗ್ರಹಿಸುವವರು ಒಳ್ಳೆಯ ಕಂಪನಿಯ ವಾಚಿಗೆ ಅದಕ್ಕಿಂತ ಹೆಚ್ಚು ಕೊಡುತ್ತಾರೆ. ಇನ್ನು ಕೆಲವು ಸಲ ಚಿನ್ನ ಅಂದುಕೊಂಡಿದ್ದು ಬರೀ ಲೇಪನ ಆಗಿರುತ್ತದೆ. ಯಾವುದು ಅಂತ ತಿಳಿಯಲು ಮೊದಲು ನೋಡಬೇಕಾದ್ದು ಹಿಂಬದಿ ಮುಚ್ಚಳದ ಒಳಗಿನ ಮುದ್ರೆ.

ಮುದ್ರೆ ಏನು ಹೇಳುತ್ತೆ?

ಸ್ವಿಟ್ಜರ್ಲೆಂಡ್ 1880ರಲ್ಲೇ ಚಿನ್ನದ ವಾಚ್ ಕೇಸ್‌ಗಳ ಮುದ್ರೆಗೆ ಕಾನೂನು ತಂದಿತು. 18 ಕ್ಯಾರೆಟ್‌ಗೆ ‘ಹೆಲ್ವೆಟಿಯಾ’ ಎಂಬ ಹೆಂಗಸಿನ ತಲೆ, 14 ಕ್ಯಾರೆಟ್‌ಗೆ ಅಳಿಲು. ಜೊತೆಗೆ 0.750 ಅಥವಾ 0.585 (ಹಳೆಯವುಗಳಲ್ಲಿ 0.583) ಎಂಬ ಅಂಕಿ ಇರುತ್ತದೆ. ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂದಿದ್ದು 1995ರಲ್ಲಿ. ಹಾಗಾಗಿ ‘1950ರ ವಾಚು’ ಅಂತ ಮಾರುವವರ ಬಳಿ ನಾಯಿ ಮುದ್ರೆ ಕಂಡರೆ ಅನುಮಾನಪಡಿ. ಸ್ವಿಸ್ ಯಂತ್ರವನ್ನು ಇಂಗ್ಲೆಂಡಿನ 9 ಕ್ಯಾರೆಟ್ ಕೇಸಿಗೆ ಕೂರಿಸಿದ್ದೂ ಉಂಟು, ಅದರಲ್ಲಿ 375 ಎಂದಿರುತ್ತದೆ.

ನಮಗೆ ರೂಢಿ ಇರೋದು 916. ಹಾಗಂತ 750 ಕಂಡರೆ ಕಳಪೆ ಅಂದುಕೊಳ್ಳಬೇಡಿ. 22 ಕ್ಯಾರೆಟ್ ಚಿನ್ನ ಮೆತ್ತಗೆ, ದಿನಾ ಕೈಗೆ ಕಟ್ಟುವ ವಾಚಿಗೆ ಗಟ್ಟಿ ಲೋಹ ಬೇಕು.

ಇವು ಚಿನ್ನದ ವಾಚಲ್ಲ

‘ಗೋಲ್ಡ್ ಪ್ಲೇಟೆಡ್’, ‘ರೋಲ್ಡ್ ಗೋಲ್ಡ್’, ‘ಗೋಲ್ಡ್ ಫಿಲ್ಡ್’, ಫ್ರೆಂಚಿನ ‘ಪ್ಲಾಕೆ ಓರ್’, ‘20 ಮೈಕ್ರಾನ್’ ಎಂದಿದ್ದರೆ ಮೇಲೊಂದು ಪದರ ಮಾತ್ರ ಚಿನ್ನ. 20 ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರಿನ 50ನೇ ಒಂದು ಭಾಗ. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೂ ಸಾಮಾನ್ಯವಾಗಿ ಇದೇ ಕಥೆ. ‘17 ಜ್ಯುವೆಲ್ಸ್’ ನೋಡಿ ಒಳಗೆ ರತ್ನ ಇದೆ ಅಂತ ಆಸೆ ಪಡಬೇಡಿ. ಅವು ಚಕ್ರಗಳು ಸವೆಯದಂತೆ ಕೂರಿಸುವ ಕೃತಕ ಮಾಣಿಕ್ಯದ ಚೂರುಗಳು, ಬೆಲೆ ಅಷ್ಟಕ್ಕಷ್ಟೇ.

ತೂಕದ ಲೆಕ್ಕ

ಇಡೀ ವಾಚು ತೂಗಿ ಲೆಕ್ಕ ಹಾಕಬಾರದು. ಯಂತ್ರ, ಗಾಜು, ಬೆಲ್ಟು ತೆಗೆದ ಮೇಲೆ ಖಾಲಿ ಕೇಸ್ 8 ಗ್ರಾಂ, 18 ಕ್ಯಾರೆಟ್ ಇದ್ದರೆ ಅದರಲ್ಲಿ ಶುದ್ಧ ಚಿನ್ನ 6 ಗ್ರಾಂ. ಇದು ನಿಮ್ಮ ವಾಚಿನ ಕನಿಷ್ಠ ಬೆಲೆ. ಇದರ ಮೇಲೆ ಎಷ್ಟು ಅನ್ನೋದನ್ನು ಕಂಪನಿ, ಯಂತ್ರ, ಡಯಲ್ ನಿರ್ಧರಿಸುತ್ತವೆ.

ಹೊಳಪು ಬೇಡ

ಸಂಗ್ರಹಕಾರರಿಗೆ ಬೇಕಾದ್ದು ಮೂಲ ಡಯಲ್. ಸ್ವಲ್ಪ ಕಲೆ ಇದ್ದರೂ ಪರವಾಗಿಲ್ಲ. ಹೊಸದಾಗಿ ಬಣ್ಣ ಬಳಿದ ಡಯಲ್ ಇದ್ದರೆ ಬೆಲೆ ಬಿತ್ತು. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ, ಫಳಫಳ ಹೊಳೆಯುವ ‘ಹಳೇ’ ಸ್ವಿಸ್ ವಾಚುಗಳಲ್ಲಿ ಇಂಥವೇ ತುಂಬಾ. ಕೇಸ್ ಪಾಲಿಶ್ ಮಾಡಿಸಿದರೆ ಮುದ್ರೆಯೂ ಅಂಚೂ ಸವೆಯುತ್ತವೆ. ಕತ್ತಲಲ್ಲಿ ಹೊಳೆಯಲೆಂದು ಹಳೇ ವಾಚುಗಳ ಮುಳ್ಳಿಗೆ ಬಳಿಯುತ್ತಿದ್ದದ್ದು ಗಾಡಿ ಸ್ಟಿಕ್ಕರಿನ ‘ರೇಡಿಯಂ’ ಅಲ್ಲ, ನಿಜವಾದ ರೇಡಿಯಂ. ಅದನ್ನು ಕೆರೆಯಬೇಡಿ.

ಅಂಗಡಿಯವರಿಗೆ

ಹೊರಗೆ ಕಾಣುವ ಜಾಗವನ್ನು ಒರೆಗಲ್ಲಿಗೆ ಉಜ್ಜಬೇಡಿ. ಕ್ಯಾರೆಟ್ ಮೀಟರ್ ಓದುವುದು ಮೇಲ್ಮೈಯನ್ನು, ಲೇಪನ ದಪ್ಪಗಿದ್ದರೆ ತಪ್ಪು ತೋರಿಸಬಹುದು. ಮುದ್ರೆ, ಮೀಟರ್ ಎರಡೂ ಹೊಂದಬೇಕು.

ಮಾರುವವರು ಮುಚ್ಚಳವನ್ನು ಚಾಕುವಿನಿಂದ ಎಬ್ಬಿಸದೆ ವಾಚ್ ರಿಪೇರಿಯವರ ಕೈಲಿ ತೆಗೆಸಿ. ಡಯಲ್, ಮುದ್ರೆ, ಯಂತ್ರದ ಮೇಲಿನ ನಂಬರ್ ಮೂರಕ್ಕೂ ಫೋಟೋ ತೆಗೆದುಕೊಳ್ಳಿ. ಪಾಟೆಕ್ ಫಿಲಿಪ್‌ನಂಥ ಕಂಪನಿ ಆ ನಂಬರಿನಿಂದ ತನ್ನ ಹಳೇ ದಾಖಲೆ ಹುಡುಕಿ ಪ್ರಮಾಣಪತ್ರವನ್ನೂ ಕೊಡುತ್ತದೆ. ಕೊಳ್ಳುವವರು ಇವೇ ಮೂರು ಫೋಟೋ ಕೇಳಿ. ಕೊಡಲು ಹಿಂಜರಿದರೆ ದುಡ್ಡು ಹಾಕಬೇಡಿ.